‘ನರ ಒಣಗಿದೆ’ ಅಂದರೆ ಯಾವ ನರ?

ಓದುಗರ ಪ್ರಶ್ನೆ:

“ಡಾಕ್ಟ್ರೇ, ನಮ್ಮದು ಹಾಸನ ಜಿಲ್ಲೆಯ ಒಂದು ಹಳ್ಳಿ. ನನಗೆ 47 ವರ್ಷ. ಅಪ್ಪನಿಗೆ 78, ಅಣ್ಣನಿಗೆ 52. ಅಣ್ಣನಿಗೆ ಚಿಕ್ಕಂದಿನಿಂದ ರಾತ್ರಿ ಕಣ್ಣು ಕಾಣುವುದಿಲ್ಲ. ಈಗ ಹಗಲಲ್ಲೂ ಎದುರಿಗಿರುವುದು ಮಾತ್ರ ಕಾಣುತ್ತೆ, ಪಕ್ಕದಲ್ಲಿ ನಿಂತವರು ಕಾಣುವುದಿಲ್ಲ. ಆದರೆ ಪೇಪರ್ ಓದುತ್ತಾನೆ. ಅಪ್ಪನಿಗೆ ಆರು ವರ್ಷದಿಂದ ಗ್ಲಾಕೋಮಾ. ಇಬ್ಬರಿಗೂ ‘ನರ ಒಣಗಿದೆ’ ಅಂತಲೇ ಹೇಳಿದ್ದಾರೆ. ಹನಿ ಹಾಕಿದರೂ ಕಣ್ಣು ಸುಧಾರಿಸಲಿಲ್ಲ ಅಂತ ಅಪ್ಪ ಮೂರು ತಿಂಗಳಿಂದ ಹನಿ ಬಿಟ್ಟಿದ್ದಾರೆ. ಅಣ್ಣನಿಗೆ ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿಸಿದರೆ ನರ ಮತ್ತೆ ಚಿಗುರುತ್ತೆ, ಮೂರೂವರೆ ಲಕ್ಷ ಆಗುತ್ತೆ ಅಂತ ಯಾರೋ ಹೇಳಿದ್ದಾರೆ. ತೋಟ ಅಡ ಇಡುವ ಮಾತು ನಡೀತಿದೆ. ಸತ್ತವರ ಕಣ್ಣು ಹಾಕಿಸಲು ಬರಲ್ವಾ? ಇನ್ನೊಂದು ವಿಷಯ. ಅಪ್ಪ ಮದುವೆಯಾಗಿರುವುದು ಸ್ವಂತ ಅಕ್ಕನ ಮಗಳನ್ನು. ಈಗ ಅಣ್ಣನ ಮಗನಿಗೆ ನನ್ನ ಮಗಳನ್ನು ತರುವ ಮಾತೂ ಇದೆ. ಇಬ್ಬರದೂ ಒಂದೇ ಕಾಯಿಲೆಯಾ? ನನಗೂ ಬರುತ್ತಾ?”

ಉತ್ತರ:

ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆಗಳಿವೆ. ಅಷ್ಟಕ್ಕೂ ಬೇರು ಒಂದೇ, ‘ನರ ಒಣಗಿದೆ’ ಅನ್ನುವ ಮಾತು. ಆ ಮಾತನ್ನು ನಾನೂ ನೂರಾರು ಸಲ ಆಡಿದ್ದೇನೆ. ಹೊರಗೆ ಎಂಬತ್ತು ಜನ ಟೋಕನ್ ಹಿಡಿದು ಕೂತಿರುವಾಗ ಎರಡೇ ಪದದಲ್ಲಿ ಮುಗಿಯುವ ಮಾತು ಅದು. ಸುಳ್ಳಲ್ಲ, ಆದರೆ ಅರ್ಧ ಮಾತು. ನಿಮ್ಮ ಅಣ್ಣನ ಕಣ್ಣಿನಲ್ಲಿ ಹೋಗಿರುವುದು ಒಂದು, ನಿಮ್ಮ ತಂದೆಯವರ ಕಣ್ಣಿನಲ್ಲಿ ಹೋಗಿರುವುದು ಇನ್ನೊಂದು. ಒಬ್ಬರಿಗೆ ಕೊಡುವ ಚಿಕಿತ್ಸೆ ಇನ್ನೊಬ್ಬರಿಗೆ ಹೊಂದುವುದಿಲ್ಲ. ಯಾವ ಕೋಶ ಸತ್ತಿದೆ, ಯಾವುದು ಉಳಿದಿದೆ ಅನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ. ಹಾಗಾಗಿ ಸ್ವಲ್ಪ ಹೊತ್ತು ಕಣ್ಣಿನ ಒಳಗೆ ಹೋಗಿ ಬರೋಣ.

ಕಣ್ಣಿನ ಹಿಂಗೋಡೆಗೆ ಒಳಗಿನಿಂದ ಅಂಟಿಕೊಂಡಿರುವ ತೆಳು ಪದರವೇ ರೆಟಿನಾ. ನಮ್ಮ ಕಡೆ ಪರದೆ ಅನ್ನುತ್ತಾರೆ. ದಪ್ಪ ಸುಮಾರು ಕಾಲು ಮಿಲಿಮೀಟರ್ ಅಷ್ಟೇ. ಆದರೆ ಓಸಿಟಿ ಸ್ಕ್ಯಾನ್‌ನಲ್ಲಿ, ಅಂದರೆ ಬೆಳಕಿನಿಂದ ರೆಟಿನಾದ ಅಡ್ಡಸೀಳಿನ ಚಿತ್ರ ತೆಗೆಯುವ ಪರೀಕ್ಷೆಯಲ್ಲಿ ನೋಡಿದರೆ ಚಿರೋಟಿಯನ್ನು ಅಡ್ಡ ಮುರಿದು ನೋಡಿದ ಹಾಗೆ, ಪದರದ ಮೇಲೆ ಪದರ. ಇದು ಸುಮ್ನೆ ಸಿನಿಮಾ ಪರದೆಯಂಥದ್ದಲ್ಲ. ಹುಟ್ಟುವ ಮೊದಲು ಮೆದುಳಿನಿಂದಲೇ ಚಾಚಿಕೊಂಡು ಬಂದ ತುಂಡು. ಅಂದರೆ ಮೆದುಳಿನದೇ ಒಂದು ಚೂರು ಕಣ್ಣಿನಲ್ಲಿ ಬಂದು ಕೂತಿದೆ. ಮೆದುಳಿನ ಕೋಶಗಳ ಹಾಗೆ ಇವೂ ಒಮ್ಮೆ ಸತ್ತರೆ ನಮ್ಮಲ್ಲಿ ಮತ್ತೆ ಹುಟ್ಟುವುದಿಲ್ಲ. ಮೀನಿನಲ್ಲಿ ಹುಟ್ಟುತ್ತವೆ. ಸಸ್ತನಿಗಳಲ್ಲಿ ಇಲ್ಲ.

ನಿಮ್ಮೂರಲ್ಲಿ ಹಾಲಿನ ಡೇರಿ ಇದೆ ತಾನೆ? ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಬೆಳಗ್ಗೆ ಹಸು ಕರೆದು ಕ್ಯಾನಿನಲ್ಲಿ ಹಾಲು ತರುವವರು ಬೇಕಾದಷ್ಟು ಜನ. ಡೇರಿಯಲ್ಲಿ ಹಾಲು ಸುರಿಸಿಕೊಳ್ಳುವವನೊಬ್ಬ. ಪಕ್ಕದಲ್ಲೇ ಫ್ಯಾಟ್ ನೋಡಿ ಇದು ಇಷ್ಟು, ಅದು ಅಷ್ಟು ಎಂದು ಹೋಲಿಸುವವರು. ಕೊನೆಗೆ ಟ್ಯಾಂಕರ್. ಅದು ಊರು ಬಿಟ್ಟು ಹಾಸನಕ್ಕೆ ಹೋಗುತ್ತದೆ. ರೆಟಿನಾದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ.

ಹಾಲು ತರುವವರು ಎಂದರೆ ರಾಡ್ ಮತ್ತು ಕೋನ್ ಕೋಶಗಳು. ಶಾಲೆಯ ಪುಸ್ತಕದಲ್ಲಿ ಕಡ್ಡಿಕೋಶ, ಶಂಕುಕೋಶ ಎಂದು ಓದಿರುತ್ತೀರಿ. ಬೆಳಕನ್ನು ಹಿಡಿದು ವಿದ್ಯುತ್ ಸಂಕೇತ ಮಾಡುವುದು ಇವುಗಳ ಕೆಲಸ. ರಾಡ್‌ಗಳು ಒಂದು ಕಣ್ಣಿನಲ್ಲಿ 9ರಿಂದ 12 ಕೋಟಿ. ಮುಸ್ಸಂಜೆಗೆ, ಬೆಳದಿಂಗಳಿಗೆ, ಬೆಳಕು ಕಡಿಮೆ ಇರುವಾಗಿನ ನೋಟಕ್ಕೆ ಇವೇ ಗತಿ. ಬಣ್ಣ ಗೊತ್ತಾಗುವುದಿಲ್ಲ. ಕೋನ್‌ಗಳು 50–60 ಲಕ್ಷ ಮಾತ್ರ. ಹಗಲು, ಬಣ್ಣ, ಸಣ್ಣ ಅಕ್ಷರ ಎಲ್ಲ ಇವುಗಳ ಪಾಲು. ಮನುಷ್ಯನಲ್ಲಿ ಕೋನ್ ಮೂರು ಬಗೆ. ನಿಮ್ಮ ಕೊಟ್ಟಿಗೆಯ ಹಸುವಿಗೆ, ನಾಯಿಗೆ, ಹೆಚ್ಚಿನ ಎಲ್ಲ ಸಸ್ತನಿಗಳಿಗೆ ಎರಡೇ. ಕೆಂಪು ಬಟ್ಟೆ ಕಂಡರೆ ಗೂಳಿ ಕೆರಳುತ್ತದೆ ಅನ್ನುವುದು ಅದಕ್ಕೇ ಬರೀ ಕಥೆ. ಬಟ್ಟೆ ಅಲ್ಲಾಡುವುದಕ್ಕೆ ಕೆರಳುತ್ತದೆ, ಬಣ್ಣಕ್ಕಲ್ಲ.

ಹಾಲು ಸುರಿಸಿಕೊಳ್ಳುವವರು ಬೈಪೋಲಾರ್ ಕೋಶಗಳು. ಕೆಲವು ಬೆಳಕು ಬಂದಾಗ ಎಚ್ಚರವಾಗುತ್ತವೆ, ಕೆಲವು ಬೆಳಕು ಹೋದಾಗ. ಬಿಳಿ ಗೋಡೆಯ ಮೇಲಿನ ಕಪ್ಪು ಇರುವೆ ಅಷ್ಟು ಚೆನ್ನಾಗಿ ಕಾಣಲು ಈ ಎರಡನೆಯ ಗುಂಪೇ ಕಾರಣ. ಹೋಲಿಸಿ ನೋಡುವವರು ಹಾರಿಜಾಂಟಲ್ ಮತ್ತು ಅಮಾಕ್ರಿನ್ ಕೋಶಗಳು. ಅಕ್ಕಪಕ್ಕದ ಸಂಕೇತಗಳನ್ನು ತೂಗಿ ಅಂಚುಗಳನ್ನು ಸ್ಪಷ್ಟ ಮಾಡುತ್ತವೆ. ಅಮಾಕ್ರಿನ್‌ಗಳಲ್ಲಿ ನಕ್ಷತ್ರದ ಹಾಗೆ ಕೈ ಚಾಚಿದ ಒಂದು ಬಗೆ ಇದೆ. ವಸ್ತು ಯಾವ ದಿಕ್ಕಿಗೆ ಸರಿಯುತ್ತಿದೆ ಎಂದು ಗುರುತಿಸಲು ಅದು ಬೇಕೇ ಬೇಕು. ಇವೆಲ್ಲಕ್ಕೂ ಕಂಬದ ಹಾಗೆ ಆಸರೆಯಾಗಿ ಮ್ಯೂಲರ್ ಕೋಶಗಳಿವೆ. ಅವು ನರಕೋಶಗಳಲ್ಲ, ನೋಡಿಕೊಳ್ಳುವವರು.

ಕೊನೆಯದು ಟ್ಯಾಂಕರ್, ಗ್ಯಾಂಗ್ಲಿಯಾನ್ ಕೋಶ. ಇವು ಬರೀ 10–12 ಲಕ್ಷ. ಇವುಗಳ ಉದ್ದನೆಯ ಎಳೆಗಳೆಲ್ಲ ಒಂದು ಕಡೆ ಸೇರಿ, ಹಗ್ಗದ ಹಾಗೆ ಕಟ್ಟಾಗಿ, ಕಣ್ಣಿನ ಹಿಂದಿನಿಂದ ಮೆದುಳಿಗೆ ಹೋಗುತ್ತವೆ. ಆ ಕಟ್ಟೇ ಕಣ್ಣಿನ ನರ. ಲೆಕ್ಕ ನೋಡಿ: ತರುವವರು ಹತ್ತು ಕೋಟಿ, ಟ್ಯಾಂಕರ್ ಹತ್ತು ಲಕ್ಷ. ಅಂಚಿನ ಕಡೆ ನೂರಾರು ರಾಡ್‌ಗಳಿಗೆ ಸೇರಿ ಒಂದು ಟ್ಯಾಂಕರ್. ಆದರೆ ನಟ್ಟನಡುವಿನ ಚುಕ್ಕೆಯಷ್ಟು ಜಾಗದಲ್ಲಿ ರಾಡ್‌ಗಳೇ ಇಲ್ಲ, ಒತ್ತೊತ್ತಾಗಿ ಕೋನ್‌ಗಳು. ಅಲ್ಲಿ ಟ್ಯಾಂಕರ್‌ಗಳಿಗೂ ಬರವಿಲ್ಲ, ಮನೆಗೊಂದು ಎನ್ನಬಹುದು. ನೀವು ಈ ಸಾಲನ್ನು ಓದುತ್ತಿರುವುದು ಆ ಚುಕ್ಕೆಯಿಂದ. ಅಣ್ಣ ಪೇಪರ್ ಓದುತ್ತಿರುವುದೂ ಅದರಿಂದಲೇ.

ಈ ಪದರಗಳ ಕೋಶಗಳನ್ನು ವಿವರವಾಗಿ ಬಿಡಿಸಿ ಚಿತ್ರ ಬರೆದವರು ಸ್ಪೇನ್ ದೇಶದ ಸಾಂಟಿಯಾಗೊ ರಮೋನ್ ಇ ಕಹಾಲ್. ಇಟಲಿಯ ಗಾಲ್ಜಿ ಕಂಡುಹಿಡಿದ ಬೆಳ್ಳಿಯ ಬಣ್ಣ ಬಳಸಿ ಒಂದೊಂದೇ ಕೋಶವನ್ನು ಕಪ್ಪಾಗಿಸಿ ನೋಡಿ, 1893ರಲ್ಲಿ ಪ್ರಕಟಿಸಿದರು. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂತು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಒಪ್ಪಿಗೆ ಇರಲಿಲ್ಲ ಅನ್ನುವುದು ಬೇರೆ ಮಾತು. ಕಹಾಲ್ ಗುರುತಿಸಿದ ಮುಖ್ಯ ಗುಂಪುಗಳು ಇವತ್ತಿಗೂ ಅವೇ. ಒಳಗಿನ ಬಗೆಗಳು ಮಾತ್ರ ಜಾಸ್ತಿಯಾಗುತ್ತಾ ಬಂದವು. ಈಗ ಒಂದೊಂದು ಕೋಶದಲ್ಲಿ ಯಾವ ಯಾವ ಜೀನ್ ಕೆಲಸ ಮಾಡುತ್ತಿದೆ ಎಂದೇ ಓದಬಹುದು. ಹಾಗೆ ಓದಿದಾಗ ಇಲಿಯ ರೆಟಿನಾದಲ್ಲಿ ಬೈಪೋಲಾರ್ 15ರಷ್ಟು ಬಗೆ, ಗ್ಯಾಂಗ್ಲಿಯಾನ್ 40ಕ್ಕೂ ಹೆಚ್ಚು, ಅಮಾಕ್ರಿನ್ 60ಕ್ಕೂ ಹೆಚ್ಚು ಬಗೆ ಸಿಕ್ಕಿವೆ. ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ‘ನರ ಮತ್ತೆ ಚಿಗುರುತ್ತೆ’ ಎಂದು ಯಾರಾದರೂ ಹೇಳಿದಾಗ ಈ ನೂರಕ್ಕೂ ಹೆಚ್ಚು ಬಗೆಯಲ್ಲಿ ಯಾವುದು ಎಂದು ನೀವು ಕೇಳಬೇಕು.

ಈಗ ಅಣ್ಣನ ವಿಷಯ. ನೀವು ಬರೆದಿರುವ ಲಕ್ಷಣ ನೋಡಿದರೆ ಇದು ರೆಟಿನೈಟಿಸ್ ಪಿಗ್ಮೆಂಟೋಸಾ. ಚಿಕ್ಕದಾಗಿ ಆರ್‌ಪಿ ಎನ್ನುತ್ತೇವೆ. ಪ್ರಪಂಚದಲ್ಲಿ ಸುಮಾರು ನಾಲ್ಕು ಸಾವಿರ ಜನರಲ್ಲಿ ಒಬ್ಬರಿಗೆ ಇರುತ್ತದೆ. ಇದರಲ್ಲಿ ಸಾಯುವುದು ಹಾಲು ತರುವವರು. ಮೊದಲು ರಾಡ್, ಆಮೇಲೆ ಕೋನ್.

ಇಆರ್‌ಜಿ, ಅಂದರೆ ಬೆಳಕಿಗೆ ರೆಟಿನಾ ಕೊಡುವ ವಿದ್ಯುತ್ ಸ್ಪಂದನೆಯನ್ನು ಅಳೆಯುವ ಪರೀಕ್ಷೆಯ ಕೋಣೆಯಲ್ಲಿ ಇದು ಕಣ್ಣಿಗೆ ಕಟ್ಟಿದ ಹಾಗೆ ಗೊತ್ತಾಗುತ್ತದೆ. ಪರೀಕ್ಷೆಗೆ ಮೊದಲು ರೋಗಿಯನ್ನು 20 ನಿಮಿಷ ಕತ್ತಲಲ್ಲಿ ಕೂರಿಸಬೇಕು. ಒಂದು ಸಲ ಒಬ್ಬ ಹುಡುಗನ ಜೊತೆ ನಾನೂ ಕೂತಿದ್ದೆ. ಮೊದಲು ನನಗೂ ಏನೂ ಕಾಣಲಿಲ್ಲ. ಐದು ನಿಮಿಷಕ್ಕೆ ಬಾಗಿಲ ಅಂಚು ಕಂಡಿತು. ಹತ್ತು ನಿಮಿಷಕ್ಕೆ ಮಷೀನಿನ ಆಕಾರ. ಹದಿನೈದಕ್ಕೆ ನೆಲದ ಮೇಲೆ ಅವನು ಬಿಟ್ಟಿದ್ದ ಚಪ್ಪಲಿ, ಒಂದು ಮಗುಚಿಕೊಂಡಿತ್ತು. ನನ್ನ ರಾಡ್‌ಗಳು ಒಂದೊಂದಾಗಿ ಏಳುತ್ತಿದ್ದವು. “ಚಪ್ಪಲಿ ಕಾಣ್ತಿದೆಯೇನಪ್ಪಾ?” ಅಂದೆ. “ಲೈಟ್ ಹಾಕಿಲ್ವಲ್ಲ ಸಾರ್” ಅಂದ. ಅವನಿಗೆ ಮೊದಲ ನಿಮಿಷ ಹೇಗಿತ್ತೋ ಇಪ್ಪತ್ತನೇ ನಿಮಿಷವೂ ಹಾಗೇ ಇತ್ತು. ಬೇರೆಯವರಿಗೆ ಕತ್ತಲಲ್ಲಿ ಕಾಣುತ್ತದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ. ನಿಮ್ಮ ಅಣ್ಣನೂ ಚಿಕ್ಕವನಿದ್ದಾಗ ಸಂಜೆ ಆಟದಿಂದ ಬರುತ್ತಾ ಎಡವಿ ಬೈಸಿಕೊಂಡಿರುತ್ತಾನೆ, ಅಲ್ವಾ?

ರಾಡ್ ಯಾಕೆ ಸಾಯುತ್ತದೆ? ಅದು ಬಹಳ ದುಡಿಯುವ ಕೋಶ. ಬೆಳಕು ಹಿಡಿಯುವ ಬಿಲ್ಲೆಗಳು ಅದರೊಳಗೆ ದೋಸೆ ಪೇರಿಸಿದ ಹಾಗೆ ಇರುತ್ತವೆ. ದಿನಾ ಮೇಲಿನ ಒಂದಿಷ್ಟು ಕಳಚಿ ಬೀಳುತ್ತವೆ, ಕೆಳಗಿನಿಂದ ಹೊಸದು ಬರುತ್ತದೆ. ಹತ್ತು ದಿನಕ್ಕೆ ಇಡೀ ಪೇರಿಕೆಯೇ ಹೊಸದು. ಕಳಚಿದ್ದನ್ನು ಹಿಂದಿನ ಪದರವೊಂದು ತಿಂದು ಶುಚಿ ಮಾಡುತ್ತದೆ. ಈ ವ್ಯವಸ್ಥೆಗೆ ಹತ್ತಾರು ಜೀನ್‌ಗಳು ಬೇಕು. ಯಾವುದೇ ಒಂದರಲ್ಲಿ ದೋಷವಿದ್ದರೂ ಕೋಶ ನಿಧಾನವಾಗಿ ಸೋಲುತ್ತದೆ. ಆರ್‌ಪಿ ತರುವ ಜೀನ್‌ಗಳು ಈಗಾಗಲೇ 80ಕ್ಕೂ ಹೆಚ್ಚು ಗೊತ್ತಾಗಿವೆ. ಹಾಗಾಗಿ ಆರ್‌ಪಿ ಅನ್ನುವುದೂ ಒಂದು ಕಾಯಿಲೆಯಲ್ಲ, ಒಂದು ಗುಂಪಿನ ಹೆಸರು.

ವಿಚಿತ್ರ ಏನೆಂದರೆ, ದೋಷ ರಾಡ್‌ನ ಜೀನ್‌ನಲ್ಲಿ ಮಾತ್ರ ಇದ್ದರೂ ಕೊನೆಗೆ ಕೋನ್‌ಗಳೂ ಹೋಗುತ್ತವೆ. ಅಕ್ಕಪಕ್ಕದ ರಾಡ್‌ಗಳು ಕೊಡುತ್ತಿದ್ದ ಆಸರೆ, ಪೋಷಣೆ ತಪ್ಪುವುದೇ ಇದಕ್ಕೆ ದೊಡ್ಡ ಕಾರಣ. ನಡುವಿನ ಚುಕ್ಕೆ ಕೊನೆಯವರೆಗೆ ಉಳಿಯುತ್ತದೆ. ಕೊಳವೆಯಲ್ಲಿ ನೋಡಿದ ಹಾಗೆ ಕಾಣುವುದು ಇದಕ್ಕೇ. ಆದರೆ ಒಂದು ಒಳ್ಳೆಯ ವಿಷಯ. ಬೈಪೋಲಾರ್, ಗ್ಯಾಂಗ್ಲಿಯಾನ್ ಕೋಶಗಳಲ್ಲಿ ಬಹಳಷ್ಟು ಉಳಿದಿರುತ್ತವೆ. ಕಾಲ ಕಳೆದಂತೆ ಅವುಗಳ ಜೋಡಣೆ ಅಸ್ತವ್ಯಸ್ತವಾಗುತ್ತದೆ ನಿಜ, ಆದರೂ ಇರುತ್ತವೆ. ಹಸುಗಳು ಬತ್ತಿವೆ, ಡೇರಿ ಇದೆ, ರಸ್ತೆ ಇದೆ.

ತಂದೆಯವರದು ಇದರ ತಿರುಗುಮುರುಗು. ಗ್ಲಾಕೋಮಾದಲ್ಲಿ ರಾಡ್, ಕೋನ್, ಬೈಪೋಲಾರ್ ಎಲ್ಲ ಚೆನ್ನಾಗಿರುತ್ತವೆ. ಹೋಗುವುದು ಟ್ಯಾಂಕರ್, ಅಂದರೆ ಗ್ಯಾಂಗ್ಲಿಯಾನ್. ಆ ಹತ್ತು ಲಕ್ಷ ಎಳೆಗಳು ಕಣ್ಣಿನಿಂದ ಹೊರಬೀಳುವ ಕಡೆ ಜರಡಿಯಂಥ ಒಂದು ಬಾಗಿಲಿದೆ. ಕಣ್ಣಿನ ಒಳಗಿನ ಒತ್ತಡ ಅವರ ಕಣ್ಣು ತಡೆಯುವುದಕ್ಕಿಂತ ಹೆಚ್ಚಾದರೆ ಎಳೆಗಳು ಅಲ್ಲೇ ನಲುಗುತ್ತವೆ. ಎಳೆಯೊಳಗೆ ಓಡಾಡಬೇಕಾದ ಪೋಷಕ ವಸ್ತುಗಳು ಸಿಕ್ಕಿಹಾಕಿಕೊಳ್ಳುತ್ತವೆ. ಆಮೇಲೆ ಕೋಶವೇ ಸಾಯುತ್ತದೆ. ಸಾಮಾನ್ಯ ಒತ್ತಡ 10ರಿಂದ 21 ಮಿ.ಮೀ. ಪಾದರಸ ಎನ್ನುತ್ತೇವೆ, ಆದರೆ 18ರಲ್ಲೇ ನರ ಹಾಳಾಗುವವರೂ ಇದ್ದಾರೆ. ನೋವಿಲ್ಲ, ಕೆಂಪಿಲ್ಲ. ಮೂರರಲ್ಲಿ ಒಂದು ಪಾಲು ಕೋಶಗಳು ಹೋದಮೇಲೂ ಎಷ್ಟೋ ಜನರಿಗೆ ಏನೂ ಗೊತ್ತಾಗಿರುವುದಿಲ್ಲ.

ಈಗ ಹನಿಯ ಮಾತು. “ಹನಿ ಹಾಕಿದರೂ ಸುಧಾರಿಸಲಿಲ್ಲ” ಎಂದು ತಂದೆಯವರು ಬಿಟ್ಟಿದ್ದಾರೆ. ಅವರ ಮೇಲೆ ತಪ್ಪು ಹೊರಿಸುವುದಿಲ್ಲ, ಮೊದಲ ದಿನವೇ ಇದನ್ನು ಬಿಡಿಸಿ ಹೇಳಬೇಕಿತ್ತು. ಆ ಹನಿ ಕಣ್ಣು ಸುಧಾರಿಸಲು ಕೊಟ್ಟದ್ದೇ ಅಲ್ಲ. ಹೋದ ಟ್ಯಾಂಕರ್ ಯಾವ ಹನಿಯಿಂದಲೂ ವಾಪಸ್ ಬರುವುದಿಲ್ಲ. ಒತ್ತಡ ಇಳಿಸಿ, ಉಳಿದವನ್ನು ಕಾಯಲು ಕೊಟ್ಟದ್ದು. ಆರು ವರ್ಷದಲ್ಲಿ ಅವರ ನೋಟ ಇದ್ದ ಹಾಗೇ ಇದ್ದರೆ ಹನಿ ಕೆಲಸ ಮಾಡಿದೆ ಎಂದೇ ಅರ್ಥ. ಬಿಟ್ಟ ಮೂರು ತಿಂಗಳಲ್ಲಿ ಏನಾಗಿದೆಯೋ ನೋಡಬೇಕು. ಈ ವಾರವೇ ಒತ್ತಡ ಅಳೆಸಿ. ಉರಿ ಬರುತ್ತದೆ ಎಂದು ಬಿಟ್ಟಿದ್ದರೆ ಬೇರೆ ಹನಿಗಳಿವೆ, ಕೇಳಿ. ಉಬ್ಬಸ ಇದ್ದರೆ ತಪ್ಪದೆ ಹೇಳಿ, ಟಿಮೊಲಾಲ್ ಇರುವ ಹನಿ ಅಂಥವರಿಗೆ ಆಗುವುದಿಲ್ಲ. ಹನಿ ಬಿಟ್ಟಮೇಲೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಬೆರಳಿನಿಂದ ಎರಡು ನಿಮಿಷ ಮೆತ್ತಗೆ ಒತ್ತಿ ಹಿಡಿಯಲಿ, ಔಷಧಿ ಗಂಟಲಿಗೆ ಇಳಿಯುವುದು ಕಡಿಮೆಯಾಗುತ್ತದೆ. ದಿನಾ ಹಾಕುವುದು ಕಷ್ಟವಾದರೆ ಲೇಸರ್ ಇದೆ. ಒತ್ತಡ ಅದಕ್ಕೂ ಬಗ್ಗದಿದ್ದರೆ ಆಪರೇಷನ್. ಆಪರೇಷನ್‌ನಲ್ಲಿ ಸೋಂಕು, ಒತ್ತಡ ಅತಿಯಾಗಿ ಇಳಿಯುವುದು, ಪೊರೆ ಬೇಗ ಬರುವುದು ಇಂಥ ಅಪಾಯಗಳಿವೆ. ಅದಕ್ಕೇ ಅದನ್ನು ಮೊದಲಿಗೇ ಹೇಳುವುದಿಲ್ಲ.

ಇನ್ನೊಂದು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಗ್ಯಾಂಗ್ಲಿಯಾನ್‌ಗಳಲ್ಲಿ ಒಂದು ಚಿಕ್ಕ ಗುಂಪಿದೆ. ಅವು ರಾಡ್, ಕೋನ್‌ಗಳ ಹಂಗಿಲ್ಲದೆ ತಾವೇ ಬೆಳಕು ಹಿಡಿಯುತ್ತವೆ. 2002ರಲ್ಲಿ ಇದು ಖಚಿತವಾದಾಗ ನಮ್ಮಂಥವರು ಬೆರಗಾದೆವು. ಕಣ್ಣಲ್ಲಿ ಬೆಳಕು ಹಿಡಿಯುವುದು ಎರಡೇ ಬಗೆಯ ಕೋಶ ಎಂದು ಓದಿ ಪಾಸಾದವರು ನಾವು. ಈ ಗುಂಪು ಚಿತ್ರ ನೋಡಲು ಅಲ್ಲ, ಹಗಲೋ ರಾತ್ರಿಯೋ ಎಂದು ದೇಹಕ್ಕೆ ತಿಳಿಸಲು. ನೋಟ ಪೂರ್ತಿ ಹೋದ ಆರ್‌ಪಿ ರೋಗಿಗಳಲ್ಲೂ ಇವು ಎಷ್ಟೋ ಸಲ ಉಳಿದಿರುತ್ತವೆ. ಮುಂದುವರಿದ ಗ್ಲಾಕೋಮಾದಲ್ಲಿ ಇವುಗಳಿಗೂ ಪೆಟ್ಟು ಬೀಳಬಹುದು. ತಂದೆಯವರಿಗೆ ರಾತ್ರಿ ನಿದ್ದೆ ಕಡಿಮೆ, ಹಗಲೆಲ್ಲ ತೂಕಡಿಕೆ ಎಂದಿದ್ದರೆ ಇದೂ ಒಂದು ಕಾರಣ ಇರಬಹುದು. ವಯಸ್ಸಾದವರ ನಿದ್ದೆ ಕೆಡಲು ಹತ್ತು ಕಾರಣ ಇರುತ್ತವೆ ಬಿಡಿ. ಬೆಳಗ್ಗೆ ಒಂದು ಗಂಟೆ ಜಗಲಿಯಲ್ಲಿ ಬೆಳಕಿಗೆ ಕೂರಿಸಿದರೆ ನಷ್ಟವೇನೂ ಇಲ್ಲ.

ಇಬ್ಬರದೂ ಬೇರೆ ಎನ್ನುವುದು ನಿಮ್ಮ ಕೈಯಲ್ಲಿರುವ ರಿಪೋರ್ಟ್‌ಗಳಲ್ಲೇ ಇರುತ್ತದೆ. ತಂದೆಯವರ ಓಸಿಟಿಯಲ್ಲಿ ಒಳಪದರ, ಅಂದರೆ ನರದ ಎಳೆಗಳ ಪದರ ತೆಳುವಾಗಿದೆ ಎಂದಿರುತ್ತದೆ. ಅಣ್ಣನದರಲ್ಲಿ ಹೊರಪದರ ಅಳಿಸಿಹೋಗಿರುತ್ತದೆ, ನಡುವೆ ಮಾತ್ರ ಒಂಚೂರು ಉಳಿದಿರುತ್ತದೆ. ಇಆರ್‌ಜಿ ಮಾಡಿಸಿದರೆ ಅಣ್ಣನದು ಬಹುಪಾಲು ನೇರ ಗೆರೆ. ತಂದೆಯವರದು ಹೆಚ್ಚುಕಡಿಮೆ ಸರಿಯಾಗೇ ಬರುತ್ತದೆ, ಯಾಕೆಂದರೆ ಆ ಪರೀಕ್ಷೆ ಮುಖ್ಯವಾಗಿ ಹಿಡಿಯುವುದು ರಾಡ್, ಕೋನ್, ಬೈಪೋಲಾರ್‌ಗಳ ಸದ್ದನ್ನು.

ಸತ್ತವರ ಕಣ್ಣು ಹಾಕಿಸಲು ಬರಲ್ವಾ ಎಂದು ಕೇಳಿದ್ದೀರಿ. ಈ ಪ್ರಶ್ನೆ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಬಹಳ ಜಾಸ್ತಿಯಾಯಿತು. 2021ರ ಅಕ್ಟೋಬರ್‌ನಲ್ಲಿ ಅಪ್ಪು ಅವರ ಎರಡು ಕಣ್ಣಿನಿಂದ ನಾಲ್ವರಿಗೆ ನೋಟ ಬಂತು. ಅದು ನಿಜ. ಆದರೆ ಹಾಕಿದ್ದು ಇಡೀ ಕಣ್ಣನ್ನಲ್ಲ, ಮುಂದಿನ ಗಾಜಿನಂಥ ಕಾರ್ನಿಯಾವನ್ನು. ಅದನ್ನೂ ಪದರ ಬಿಡಿಸಿ ಹಾಕಿದ್ದರಿಂದಲೇ ಎರಡು ಕಣ್ಣು ನಾಲ್ವರಿಗಾಯಿತು. ಕಾರ್ನಿಯಾ ಬಿಳುಪಾದವರಿಗೆ ಅದು ವರ. ನಿಮ್ಮ ಮನೆಯ ಇಬ್ಬರದೂ ಕಾರ್ನಿಯಾ ಸರಿ ಇದೆ, ತೊಂದರೆ ಹಿಂದೆ ಇದೆ. ಇಡೀ ಕಣ್ಣು ಹಾಕಬೇಕೆಂದರೆ ಹತ್ತು ಲಕ್ಷ ಎಳೆಗಳನ್ನು ಕತ್ತರಿಸಿ ಮತ್ತೆ ಮೆದುಳಿನ ಸರಿಯಾದ ಜಾಗಕ್ಕೆ ಜೋಡಿಸಬೇಕು. 2023ರಲ್ಲಿ ನ್ಯೂಯಾರ್ಕ್‌ನಲ್ಲಿ ಮುಖದ ಭಾಗದ ಜೊತೆ ಇಡೀ ಕಣ್ಣನ್ನೂ ಒಬ್ಬರಿಗೆ ಕಸಿ ಮಾಡಿದರು. ಕಣ್ಣಿಗೆ ರಕ್ತ ಹರಿಯಿತು, ಕಣ್ಣು ಬದುಕಿತು. ನೋಟ ಬರಲಿಲ್ಲ.

ಇನ್ನು ಮೂರೂವರೆ ಲಕ್ಷದ ಇಂಜೆಕ್ಷನ್. ತೋಟ ಅಡ ಇಡಬೇಡಿ. ಇಷ್ಟು ನೇರವಾಗಿ ನಾನು ಸಾಮಾನ್ಯವಾಗಿ ಬರೆಯುವುದಿಲ್ಲ. ಸ್ಟೆಮ್ ಸೆಲ್ ಅಂದರೆ ಬೇರೆ ಬೇರೆ ಬಗೆಯ ಕೋಶವಾಗಿ ಬೆಳೆಯಬಲ್ಲ ಮೂಲಕೋಶ. ಅದರ ಸಂಶೋಧನೆ ಸುಳ್ಳಲ್ಲ, ಒಳ್ಳೊಳ್ಳೆಯ ಪ್ರಯೋಗಾಲಯಗಳಲ್ಲಿ ರೆಟಿನಾ ಕೋಶಗಳನ್ನು ಬೆಳೆಸುತ್ತಿದ್ದಾರೆ. ಆದರೆ ಹೊಟ್ಟೆಯ ಕೊಬ್ಬಿನಿಂದಲೋ ಮೂಳೆಯ ಮಜ್ಜೆಯಿಂದಲೋ ತೆಗೆದ ಕೋಶವನ್ನು ಕಣ್ಣಿಗೆ ಚುಚ್ಚಿದರೆ ಅದು ತಾನಾಗಿಯೇ ರಾಡ್ ಆಗಿ, ಸರಿಯಾದ ಪದರ ಹುಡುಕಿ, ಸರಿಯಾದ ಬೈಪೋಲಾರ್‌ಗೆ ಕೈ ಕೊಟ್ಟು ಕೂರುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಅಪಾಯಕ್ಕೆ ಮಾತ್ರ ಆಧಾರವಿದೆ. ಅಮೆರಿಕದ ಫ್ಲೋರಿಡಾದಲ್ಲಿ ವಯಸ್ಸಿನಿಂದ ಬರುವ ರೆಟಿನಾ ತೊಂದರೆಯಿದ್ದ ಮೂವರು ಹೆಂಗಸರು ದುಡ್ಡು ಕೊಟ್ಟು, ತಮ್ಮದೇ ಕೊಬ್ಬಿನ ಕೋಶಗಳನ್ನು ಒಂದೇ ದಿನ ಎರಡೂ ಕಣ್ಣಿಗೆ ಚುಚ್ಚಿಸಿಕೊಂಡರು. ಮೂವರೂ ಇದ್ದಬದ್ದ ನೋಟವನ್ನು ಬಹುಪಾಲು ಕಳೆದುಕೊಂಡರು. 2017ರಲ್ಲಿ ಅದು ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ನಮ್ಮ ದೇಶದಲ್ಲೂ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ಕೆಲವು ರಕ್ತದ ಕಾಯಿಲೆ ಬಿಟ್ಟು ಬೇರೆ ಯಾವುದಕ್ಕೂ ಸ್ಟೆಮ್ ಸೆಲ್ ಇನ್ನೂ ಚಿಕಿತ್ಸೆಯಲ್ಲ, ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬೇಕು. ಅಂಥ ಪ್ರಯೋಗದಲ್ಲಿ ರೋಗಿಯಿಂದ ದುಡ್ಡು ಕೇಳುವುದಿಲ್ಲ. ‘ಪ್ರಯೋಗ’ ಅನ್ನುತ್ತಾ ಮೂರೂವರೆ ಲಕ್ಷ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಅಣ್ಣನಿಗೆ ಇನ್ನೂ ಪೇಪರ್ ಓದುವ ಕಣ್ಣಿದೆ. ಕಳೆದುಕೊಳ್ಳಲು ಅದು ಬಹಳ ದೊಡ್ಡ ಆಸ್ತಿ.

ಹಾಗಾದರೆ ನಿಜವಾಗಿ ಏನು ನಡೆಯುತ್ತಿದೆ? 2017ರ ಕೊನೆಯಲ್ಲಿ ಅಮೆರಿಕದಲ್ಲಿ ಲಕ್ಸ್‌ಟರ್ನಾ ಎಂಬ ಜೀನ್ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ಆರ್‌ಪಿಇ65 ಎಂಬ ಒಂದೇ ಜೀನ್‌ನ ದೋಷಕ್ಕೆ ಅದು, ಕೋಶಗಳು ಇನ್ನೂ ಬದುಕಿದ್ದರೆ ಮಾತ್ರ. ಎರಡೂ ಕಣ್ಣಿಗೆ ಬೆಲೆ 8.5 ಲಕ್ಷ ಡಾಲರ್ ಇಟ್ಟರು. ಆರ್‌ಪಿ ಇರುವವರಲ್ಲಿ ಈ ಜೀನ್ ಸಿಗುವುದು ಬಹಳ ಕಡಿಮೆ ಜನರಲ್ಲಿ. ಇನ್ನೊಂದು ದಾರಿ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು. ಹಸುಗಳು ಬತ್ತಿದರೇನು, ಟ್ಯಾಂಕರ್‌ಗೇ ಹಾಲು ಕರೆಯುವುದು ಕಲಿಸೋಣ ಅನ್ನುವ ದಾರಿ. ಪಾಚಿಯಿಂದ ಬಂದ, ಬೆಳಕಿಗೆ ಸ್ಪಂದಿಸುವ ಪ್ರೋಟೀನಿನ ಜೀನನ್ನು ಗ್ಯಾಂಗ್ಲಿಯಾನ್ ಕೋಶಕ್ಕೆ ಸೇರಿಸುತ್ತಾರೆ. 2021ರಲ್ಲಿ ವರದಿಯಾದ ಹಾಗೆ, ಆರ್‌ಪಿಯಿಂದ ನೋಟ ಹೋಗಿದ್ದ 58 ವರ್ಷದ ಒಬ್ಬರು ಈ ಚಿಕಿತ್ಸೆಯ ಮೇಲೆ ವಿಶೇಷ ಕನ್ನಡಕ ಹಾಕಿಕೊಂಡು ಮೇಜಿನ ಮೇಲಿನ ನೋಟ್‌ಬುಕ್, ಲೋಟಗಳನ್ನು ಗುರುತಿಸಿ ಮುಟ್ಟಿದರು. ಮುಖ ಗುರುತಿಸುವಷ್ಟಲ್ಲ, ಓದುವಷ್ಟಲ್ಲ. ಗಮನಿಸಿ, ಈ ದಾರಿ ತೆರೆದಿರುವುದು ಟ್ಯಾಂಕರ್ ಉಳಿದವರಿಗೆ. ಗ್ಲಾಕೋಮಾದಲ್ಲಿ ಅದೇ ಹೋಗಿರುತ್ತದೆ. ಮತ್ತೆ, ‘ಇಲಿಗೆ ಕಣ್ಣು ಬಂತು’ ಎಂದು ಪೇಪರಲ್ಲಿ ಬಂದರೆ ಒಂದು ನಿಮಿಷ ತಾಳಿ. ಇಲಿಯ ರೆಟಿನಾದಲ್ಲಿ ನಮಗಿರುವ ಆ ನಡುವಿನ ಓದುವ ಚುಕ್ಕೆಯೇ ಇಲ್ಲ.

ಅಣ್ಣನಿಗೆ ಈಗ ಮಾಡಿಸಬೇಕಾದ್ದು ಇಷ್ಟು. ಆರ್‌ಪಿಯಲ್ಲಿ ನಡುವಿನ ಚುಕ್ಕೆಯಲ್ಲಿ ನೀರು ತುಂಬುವುದುಂಟು. ಅದಕ್ಕೆ ಹನಿ, ಮಾತ್ರೆಗಳಿವೆ, ಎಷ್ಟೋ ಸಲ ಇಳಿಯುತ್ತದೆ. ಪೊರೆಯೂ ಬೇಗ ಬರುತ್ತದೆ. ಅದನ್ನು ತೆಗೆಸಿದರೆ ಉಳಿದ ನೋಟ ತಿಳಿಯಾಗುತ್ತದೆ. ‘ನರ ಹೋಗಿದೆ, ಏನೂ ಮಾಡಲಾಗದು’ ಎಂದು ಮನೆಯಲ್ಲಿ ಕೂತವರು ಕಳೆದುಕೊಳ್ಳುವುದು ಇಂಥದ್ದನ್ನೇ. ಕಿವಿ ಮಂದವಿದ್ದರೆ ಅದನ್ನೂ ಹೇಳಿ, ಕೆಲವು ಬಗೆಯ ಆರ್‌ಪಿಯಲ್ಲಿ ಎರಡೂ ಜೊತೆಗೆ ಇರುತ್ತವೆ. ಕ್ಯಾರೆಟ್, ನುಗ್ಗೆಸೊಪ್ಪು ತಿನ್ನಲಿ, ಒಳ್ಳೆಯದೇ. ಎ ವಿಟಮಿನ್ ಕೊರತೆಯಿಂದ ಬರುವ ಇರುಳುಗುರುಡು ಅದರಿಂದ ಹೋಗುತ್ತದೆ. ಅಣ್ಣನದು ಕೊರತೆಯದ್ದಲ್ಲ, ಆದ್ದರಿಂದ ಹೋಗುವುದಿಲ್ಲ. ಎ ವಿಟಮಿನ್‌ನ ದೊಡ್ಡ ಡೋಸ್ ಮಾತ್ರೆಯನ್ನು ಮಾತ್ರ ತಾವಾಗಿ ನುಂಗಬಾರದು, ಯಕೃತ್ತಿಗೆ ಪೆಟ್ಟು. ಬೈಕ್ ಓಡಿಸುತ್ತಿದ್ದರೆ ಕೀ ತೆಗೆದಿಟ್ಟುಕೊಳ್ಳಿ, ಹಗಲಲ್ಲೂ. ಎದುರಿನ ರಸ್ತೆ ಕಾಣುತ್ತದೆ, ಪಕ್ಕದಿಂದ ಓಡಿಬರುವ ಮಗು ಕಾಣುವುದಿಲ್ಲ.

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿಲ್ಲದಿದ್ದರೆ ಮಾಡಿಸಿ. ‘ಪೇಪರ್ ಓದುತ್ತೀಯಲ್ಲ, ನಿನಗೆಲ್ಲಿ ಕಾರ್ಡ್’ ಎಂದು ಹೇಳಿ ಕಳಿಸಿದ ಪ್ರಸಂಗಗಳನ್ನು ಕೇಳಿದ್ದೇನೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಅಕ್ಷರ ಓದುವುದಷ್ಟೇ ಲೆಕ್ಕವಲ್ಲ. ನೋಟದ ಹರವು 40 ಡಿಗ್ರಿಗಿಂತ ಕಡಿಮೆಯಿದ್ದರೆ ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಿದ್ದರೆ ಅಂಧತ್ವ. ಫೀಲ್ಡ್ ಟೆಸ್ಟ್ ರಿಪೋರ್ಟ್ ಜೊತೆಗೇ ಒಯ್ಯಿರಿ.

ಮದುವೆಯ ಮಾತು ಉಳಿಯಿತು. ತಂದೆ ತಾಯಿ ಹತ್ತಿರದ ರಕ್ತಸಂಬಂಧಿಗಳು, ಇಬ್ಬರಿಗೂ ಆರ್‌ಪಿ ಇಲ್ಲ, ಮಗನಿಗಿದೆ. ಹೀಗಿದ್ದಾಗ ಬಹುಮಟ್ಟಿಗೆ ಇದು ದೋಷದ ಜೀನ್ ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣಿಸಿಕೊಳ್ಳುವ ಬಗೆ. ಲೆಕ್ಕ ಹೀಗೆ. ಅಣ್ಣನ ಮಗನಲ್ಲಿ ಆ ಜೀನ್‌ನ ಒಂದು ಪ್ರತಿ ಖಂಡಿತ ಇದೆ. ಒಂದೇ ಪ್ರತಿಯಿದ್ದರೆ ಅವನ ಕಣ್ಣಿಗೆ ಏನೂ ಆಗುವುದಿಲ್ಲ, ಸುಮ್ಮನೆ ಹೊತ್ತುಕೊಂಡಿರುತ್ತಾನೆ. ನಿಮ್ಮ ಕಣ್ಣು ಚೆನ್ನಾಗಿದೆ ಎಂದಾದರೆ ನೀವೂ ಹೊತ್ತುಕೊಂಡಿರುವ ಸಂಭವ ಮೂರರಲ್ಲಿ ಎರಡು. ನಿಮ್ಮ ಮಗಳಿಗೆ ಅದು ಬಂದಿರುವ ಸಂಭವ ಮೂರರಲ್ಲಿ ಒಂದು. ಇಬ್ಬರಲ್ಲೂ ಇದ್ದರೆ ಅವರ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು. ಎಲ್ಲ ಸೇರಿಸಿದರೆ ಹನ್ನೆರಡರಲ್ಲಿ ಒಂದು. ಹೊರಗಿನ ಸಂಬಂಧವಾದರೆ ಈ ಅಪಾಯ ಇದರ ಹತ್ತಿರಕ್ಕೂ ಬರುವುದಿಲ್ಲ. ಗಂಡಸರಲ್ಲಿ ಎಕ್ಸ್ ಕ್ರೋಮೋಸೋಮ್ ಮೂಲಕ ಬರುವ ಆರ್‌ಪಿಯೂ ಇದೆ, ಅದಾದರೆ ಲೆಕ್ಕ ಪೂರ್ತಿ ಬೇರೆ. ಅದಕ್ಕೇ ಮೊದಲು ಅಣ್ಣನ ರಕ್ತದಿಂದ ಜೀನ್ ಪರೀಕ್ಷೆ ಮಾಡಿಸಿ. ಬೆಂಗಳೂರಿನಲ್ಲಿ ಆಗುತ್ತದೆ. ಜೀನ್ ಸಿಕ್ಕರೆ ಮಗಳಿಗೂ ನೋಡಬಹುದು. ಅವಳಲ್ಲಿ ಇಲ್ಲವೆಂದಾದರೆ ಈ ಕಾಯಿಲೆಯ ಮಟ್ಟಿಗೆ ಚಿಂತೆ ಹೋಗುತ್ತದೆ. ಕೆಲವು ಸಲ ಜೀನ್ ಸಿಗದೇ ಹೋಗುವುದೂ ಉಂಟು, ಅದು ಗೊತ್ತಿರಲಿ. ಮದುವೆ ಮಾಡಿ, ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಹೂವು ಮುಡಿಸುವ ಮೊದಲು ಪರೀಕ್ಷೆ ಆಗಲಿ. ಈ ಲೆಕ್ಕ ಆ ಇಬ್ಬರು ಮಕ್ಕಳಿಗೂ ಗೊತ್ತಿರಬೇಕು, ದೊಡ್ಡವರಿಗೆ ಮಾತ್ರ ಅಲ್ಲ.

‘ನನಗೂ ಬರುತ್ತಾ’ ಎಂಬ ಕೊನೆಯ ಪ್ರಶ್ನೆಯನ್ನು ನೀವು ಅಣ್ಣನ ಕಾಯಿಲೆ ಮನಸ್ಸಿನಲ್ಲಿಟ್ಟುಕೊಂಡು ಕೇಳಿದ್ದೀರಿ ಅನ್ನಿಸುತ್ತದೆ. 47 ವರ್ಷಕ್ಕೆ ರಾತ್ರಿ ಕಣ್ಣು ಚೆನ್ನಾಗಿ ಕಾಣುತ್ತಿದ್ದರೆ ಆ ಹೆದರಿಕೆ ಬಹುಮಟ್ಟಿಗೆ ಬಿಡಬಹುದು. ನಾನು ಯೋಚಿಸುತ್ತಿರುವುದು ತಂದೆಯವರ ಕಾಯಿಲೆಯನ್ನು. ತಂದೆಗೋ ತಾಯಿಗೋ ಗ್ಲಾಕೋಮಾ ಇದ್ದರೆ ಮಕ್ಕಳಿಗೆ ಬರುವ ಸಂಭವ ಬೇರೆಯವರಿಗಿಂತ ಜಾಸ್ತಿ, ನಲವತ್ತು ದಾಟಿದ ಮೇಲೆ ಇನ್ನೂ ಜಾಸ್ತಿ. ನೀವು ಎರಡು ಪುಟ ಬರೆದಿದ್ದೀರಿ, ನಿಮ್ಮ ಕಣ್ಣನ್ನು ಕೊನೆಯ ಸಲ ಯಾವಾಗ ತೋರಿಸಿದಿರಿ ಎಂದು ಎಲ್ಲೂ ಬರೆದಿಲ್ಲ. ತಂದೆಯವರನ್ನು ಒತ್ತಡ ಅಳೆಸಲು ಕರೆದುಕೊಂಡು ಹೋದಾಗ ಇನ್ನೊಂದು ಚೀಟಿ ಬರೆಸಿ, ಅವರು ಎದ್ದ ಕುರ್ಚಿಯಲ್ಲಿ ನೀವೂ ಕೂತು ಬನ್ನಿ.